ವಿತರಣ ನ್ಯಾಯವೂ ಸಮಾಜಕ್ಷೇಮವೂ

ಒಂದು ಸಮಾಜದಲ್ಲಿ ಹುಟ್ಟಿಬರುವ ಸುಖಸಂಪತ್ತುಗಳೂ ಅದು ಹೊರಬೇಕಾದ ಕಷ್ಟಭಾರಗಳೂ ಅದರ ಜನರಲ್ಲಿ ಯಾವ ಪ್ರಮಾಣದಲ್ಲಿ, ಯಾವ ನಿಯಮಕ್ಕೆ ಒಳಪಟ್ಟು ಹಂಚಿಹೋಗತಕ್ಕದ್ದು ಎಂಬುದನ್ನು ವಿಚಾರಮಾಡುವ ತತ್ತ್ವಶಾಸ್ತ್ರದ ಭಾಗಕ್ಕೆ ವಿತರಣ ನ್ಯಾಯಮೀಮಾಂಸೆಯೆಂದೂ, ಆ ಸಮಾಜದ ಸ್ಥಿತಿ ಒಟ್ಟಿನಲ್ಲಿ ಮೇಲಾಯಿತೆ ಕೀಳಾಯಿತೆ ಎಂದು ನಿರ್ಣಯಿಸಲು ಬೇಕಾದ ಮಾನದಂಡವನ್ನು ಅರಸುವ ಶಾಸ್ತ್ರಕ್ಕೆ ಕಲ್ಯಾಣ ಅರ್ಥಶಾಸ್ತ್ರವೆಂದೂ ಹೆಸರು. ಮೊದಲನೆಯದು ದಾರ್ಶನಿಕರ ಕೈಯಲ್ಲಿಯೂ ಎರಡನೆಯದು ಅರ್ಥಶಾಸ್ತ್ರಜ್ಞರ ಕೈಯಲ್ಲಿಯೂ ಬೆಳೆದುವಾದರೂ ಇವೆರಡೂ ಒಂದೇ ಬುಡದಿಂದ ಒಡೆದ ಕವಲುಗಳು. ಸುಗ್ಗಿಯಲ್ಲಿ ಕಣದ ಮೇಲೆ ರಾಶಿ ಬಿದ್ದಾಗ ಅದರ ಸುತ್ತ ನೆರೆಯುತ್ತಿದ್ದವರನ್ನು ನೆನೆದುಕೊಂಡರೆ ಪ್ರಶ್ನೆಯ ಸ್ವರೂಪ ತಿಳಿಯುತ್ತದೆ. ಭೂಮಿ ತನ್ನದೆಂದು ಒಡೆಯನು ವಾರವನ್ನು ಕೇಳುವನು. ಬೆವರು ತನ್ನದೆಂದು ಉತ್ತವನು ತನ್ನ ಪಾಲನ್ನು ಕೇಳುವನು. ವರ್ಷವಿಡೀ ಸೇವೆ ಸಲ್ಲಿಸಿದ ಬಡಗಿ, ಕಮ್ಮಾರ, ಅಗಸ, ನೀರಗಂಟಿ ಮೊದಲಾದವರು ತಮ್ಮ ಆಯವನ್ನು ಕೇಳುವರು. ಏನೂ ಇಲ್ಲದವನು, ಹಸಿವೊಂದನ್ನೇ ಆಧಾರವಾಗಿ ಮುಂದಿಟ್ಟುಕೊಂಡು, ಕಣದ ಅಂಚಿನಲ್ಲಿ ಸೆರಗೊಡ್ಡುವನು. ರಾಶಿ ಒಂದೇ, ಅದರ ಮೇಲಿನ ಹಕ್ಕುಗಳು ಮಾತ್ರ ನಾಲ್ಕು ಬಗೆಯವು. ನ್ಯಾಯವನ್ನು ಕುರಿತ ಸಿದ್ಧಾಂತಗಳು ಎರಡು ಸಾವಿರ ವರ್ಷಗಳಿಂದಲೂ ಪರಸ್ಪರ ಜಗಳವಾಡುತ್ತ ಬಂದಿರುವುದು ಮುಖ್ಯವಾಗಿ ಅಳತೆಯ ಲೆಕ್ಕಾಚಾರಕ್ಕಾಗಿ ಅಲ್ಲ, ಕೊಳಗದೊಳಕ್ಕೆ ಏನನ್ನು ಸುರಿಯಬೇಕು, ಏನನ್ನು ಹೊರಗೆ ಬಿಡಬೇಕು ಎಂಬುದಕ್ಕಾಗಿ. ಪ್ರತಿಯೊಂದು ಸಿದ್ಧಾಂತವೂ ಕೆಲವು ಸಂಗತಿಗಳನ್ನು ಸಾಕ್ಷ್ಯವಾಗಿ ಒಪ್ಪಿಕೊಂಡು ಉಳಿದವುಗಳಿಗೆ ಬಾಗಿಲು ಮುಚ್ಚುತ್ತದೆ. ಹಾಗೆ ಮುಚ್ಚಿದ ಬಾಗಿಲಿನ ಹೊರಗೆ ನಿಂತವರ ಕೂಗೇ ಮುಂದಿನ ಸಿದ್ಧಾಂತದ ಆರಂಭವಾಗಿರುವುದನ್ನು ಈ ವಿಷಯದ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣಬಹುದು.

ಪಾಶ್ಚಾತ್ಯ ಪರಂಪರೆಯಲ್ಲಿ ಈ ವಿಚಾರಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟವನು ಅರಿಸ್ಟಾಟಲ್ (ಕ್ರಿ. ಪೂ. 384-322). ನಿಕೊಮೇಕಿಯನ್ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ಅವನು ಹಂಚಿಕೆಯ ನ್ಯಾಯವನ್ನೂ ತಿದ್ದುವ ನ್ಯಾಯವನ್ನೂ ಬೇರ್ಪಡಿಸಿದನು. ಕಳವು, ವಂಚನೆ, ಮುರಿದ ಕರಾರು ಇವುಗಳಿಂದ ಕೆಟ್ಟ ಸಮತೆಯನ್ನು ಸರಿಪಡಿಸುವಾಗ ನ್ಯಾಯಾಧಿಪತಿಯು ಮನುಷ್ಯರ ಅಂತಸ್ತನ್ನು ನೋಡಲಾಗದು. ಕಳೆದುಕೊಂಡಷ್ಟನ್ನು ಕೊಡಿಸಿದರೆ ಸಾಕು. ಆದರೆ ಗೌರವವನ್ನೂ ಧನವನ್ನೂ ಹಂಚುವಾಗ ಸಮರಿಗೆ ಸಮವಾಗಿಯೂ ಅಸಮರಿಗೆ ಅವರವರ ಯೋಗ್ಯತೆಗೆ ಅನುಪಾತವಾಗಿಯೂ ಕೊಡತಕ್ಕದ್ದು. ಯಾವ ಯೋಗ್ಯತೆ ಎಂಬ ಪ್ರಶ್ನೆ ಅಲ್ಲಿಯೇ ಏಳುತ್ತದೆ, ಅರಿಸ್ಟಾಟಲನು ಅದನ್ನು ಕಾಣದೆ ಇರಲಿಲ್ಲ. ಪ್ರಜಾಪ್ರಭುತ್ವವಾದಿಗಳು ಸ್ವತಂತ್ರಜನ್ಮವನ್ನೂ, ಸಿರಿವಂತರ ಪಕ್ಷದವರು ಹಣವನ್ನು ಅಥವಾ ಕುಲವನ್ನೂ, ಶಿಷ್ಟರ ಪಕ್ಷದವರು ಗುಣವನ್ನೂ ಯೋಗ್ಯತೆಯೆನ್ನುತ್ತಾರೆಂದು ಅವನೇ ಬರೆದಿಟ್ಟಿದ್ದಾನೆ. ರಾಜನೀತಿಯನ್ನು ಕುರಿತ ಗ್ರಂಥದಲ್ಲಿ, ಉತ್ತಮ ಕೊಳಲು ಸಲ್ಲಬೇಕಾದುದು ಚೆನ್ನಾಗಿ ನುಡಿಸಬಲ್ಲವನಿಗೆ, ಕುಲೀನನಿಗಲ್ಲ ಎಂದು ವಾದಿಸಿದ ಅದೇ ಲೇಖನಿ ಗುಲಾಮಗಿರಿಯನ್ನು ಸಮರ್ಥಿಸಿತೆಂಬುದನ್ನೂ ಮರೆಯಲಾಗದು. ಅನುಪಾತದ ಸೂತ್ರವು ಬರಿಯ ಪಾತ್ರೆ. ಅದರಲ್ಲಿ ಯಾರು ಏನನ್ನು ತುಂಬಿದರೂ ಅದು ಹಿಡಿದುಕೊಳ್ಳುತ್ತದೆ.

ಭಾರತೀಯ ರಾಜನೀತಿಯು ಈ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ಸಮೀಪಿಸಿತು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವನ್ನು ತಡೆಯುವುದೇ ದಂಡಧಾರಿಯಾದ ರಾಜನ ಇರವಿಗೆ ಕಾರಣವೆಂಬುದು ಮಹಾಭಾರತದ ಶಾಂತಿಪರ್ವವೂ ಕೌಟಿಲ್ಯನೂ ಒಪ್ಪಿದ ಮಾತು. ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ಬಂದ ತಾಳೆಗರಿಯ ಪ್ರತಿಯೊಂದನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳಿಂದಾಗಿ ಲೋಕಕ್ಕೆ ಮರಳಿ ದೊರೆತ ಕೌಟಿಲ್ಯನ ಅರ್ಥಶಾಸ್ತ್ರವು ರಾಜನ ಸುಖವನ್ನು ಪ್ರಜೆಗಳ ಸುಖಕ್ಕೆ ಅಧೀನವಾಗಿ ನಿಲ್ಲಿಸುತ್ತದೆ. ಅನಾಥರನ್ನೂ ವೃದ್ಧರನ್ನೂ ರೋಗಿಗಳನ್ನೂ ಪೋಷಿಸುವ ಹೊಣೆಯನ್ನು ಅವನ ಮೇಲೆ ಹೊರಿಸುತ್ತದೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಈ ಎರಡನ್ನೂ ಕೂಡಿಸಿದ ಯೋಗಕ್ಷೇಮವೆಂಬ ಪದ ಇಂದಿಗೂ ನಮ್ಮ ಕುಶಲಪ್ರಶ್ನೆಗಳಲ್ಲಿ ಉಳಿದುಬಂದಿದೆ. ಆದರೆ ಅದೇ ಗ್ರಂಥದಲ್ಲಿಯೂ ಧರ್ಮಶಾಸ್ತ್ರಗಳಲ್ಲಿಯೂ ದಂಡನೆಯ ಪ್ರಮಾಣ ವರ್ಣದಿಂದ ವರ್ಣಕ್ಕೆ ಬದಲಾಗುತ್ತ ಹೋಗುವುದನ್ನು ನೋಡಿದರೆ, ಎಲ್ಲರ ಸುಖವೂ ಲೆಕ್ಕಕ್ಕೆ ಬರುತ್ತದೆಯೆಂಬುದು ಒಂದು ಮಾತು, ಎಲ್ಲರ ಸುಖವೂ ಸಮವಾಗಿ ಲೆಕ್ಕಕ್ಕೆ ಬರುತ್ತದೆಯೆಂಬುದು ಮತ್ತೊಂದು ಮಾತು ಎಂಬುದು ಸ್ಪಷ್ಟವಾಗುತ್ತದೆ.

ಈ ಎರಡನೆಯ ಮಾತನ್ನು ಒಂದು ಶಾಸ್ತ್ರದ ಅಡಿಗಲ್ಲಾಗಿ ಮಾಡಿದ್ದು ಇಂಗ್ಲೆಂಡಿನ ಉಪಯುಕ್ತತಾವಾದ. ಅತ್ಯಧಿಕ ಜನರ ಅತ್ಯಧಿಕ ಸುಖವೆಂಬ ಭಾವನೆಯನ್ನು ಫ್ರಾನ್ಸಿಸ್ ಹಚಿಸನ್ 1725ರಲ್ಲಿಯೇ ವ್ಯಕ್ತಪಡಿಸಿದ್ದನಾದರೂ, ಅದನ್ನು ಶಾಸನರಚನೆಯ ಸರ್ವಸಾಧಾರಣ ಸೂತ್ರವನ್ನಾಗಿ ಬೆಳೆಸಿದವನು ಜೆರೆಮಿ ಬೆಂಥಮ್ (1748-1832). 1789ರಲ್ಲಿ ಪ್ರಕಟವಾದ ಅವನ ನೀತಿ-ಶಾಸನತತ್ತ್ವಗಳ ಪ್ರವೇಶಿಕೆಯು ಸುಖದುಃಖಗಳನ್ನು ಅವುಗಳ ತೀವ್ರತೆ, ಅವಧಿ, ನಿಶ್ಚಿತತೆ, ಸಾಮೀಪ್ಯ ಮುಂತಾದ ಲಕ್ಷಣಗಳಿಂದ ತೂಗಿ ಕೂಡಿ ಕಳೆಯಬಹುದೆಂದು ಸಾರಿತು. ಒಬ್ಬೊಬ್ಬನನ್ನೂ ಒಂದೆಂದೇ ಎಣಿಸಬೇಕು, ಯಾರನ್ನೂ ಒಂದಕ್ಕಿಂತ ಹೆಚ್ಚೆಂದು ಎಣಿಸಕೂಡದು ಎಂಬುದು ಬೆಂಥಮನ ಸೂತ್ರವೆಂದು ಅವನ ಶಿಷ್ಯಪರಂಪರೆಯ ಜಾನ್ ಸ್ಟೂಅರ್ಟ್ ಮಿಲ್ (1806-1873) ಹೇಳುತ್ತಾನೆ. ರಾಜನ ಹಲ್ಲುನೋವಿಗೂ ಝಾಡಮಾಲಿಯ ಹಲ್ಲುನೋವಿಗೂ ಒಂದೇ ತೂಕವೆಂಬ ಈ ನಿಲುವು ಆ ಕಾಲಕ್ಕೆ ಎಷ್ಟು ಕ್ರಾಂತಿಕಾರಿಯಾಗಿತ್ತೆಂಬುದನ್ನು ಇಂದು ಊಹಿಸುವುದು ಕಷ್ಟ. ಮಿಲ್ 1861ರಲ್ಲಿ ಬರೆದ ಉಪಯುಕ್ತತಾವಾದವೆಂಬ ಪ್ರಬಂಧದ ಕಡೆಯ ಅಧ್ಯಾಯವನ್ನು ನ್ಯಾಯದ ವಿಚಾರಕ್ಕೇ ಮೀಸಲಿಟ್ಟು, ನ್ಯಾಯವೆಂಬುದು ಸುಖಸೂತ್ರಕ್ಕೆ ಹೊರತಾದ ಬೇರೊಂದು ದೈವವಲ್ಲ, ಭದ್ರತೆಯಂತಹ ಅತ್ಯಗತ್ಯ ಸುಖಗಳನ್ನು ಕಾಯುವ ನಿಯಮಗಳಿಗೇ ಆ ಹೆಸರು ಎಂದು ಸಾಧಿಸಲು ಯತ್ನಿಸಿದನು. ಇದೇ ಮಿಲ್ 1823ರಿಂದ 1858ರವರೆಗೆ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಅಧಿಕಾರಿಯಾಗಿದ್ದು, ಹಿಂದೂಸ್ಥಾನಕ್ಕೆ ಹೋಗುವ ಪತ್ರಗಳ ಕರಡು ಬರೆಯುತ್ತಿದ್ದನೆಂಬುದೂ, ಸ್ವಾತಂತ್ರ್ಯವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ (1859) ಆ ತತ್ತ್ವವು ಹಿಂದುಳಿದ ಸಮಾಜಗಳಿಗೆ ಅನ್ವಯಿಸದೆಂದು ಬರೆದನೆಂಬುದೂ ಓದುಗನ ಗಮನದಲ್ಲಿರತಕ್ಕ ಸಂಗತಿಗಳು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎಜ್‌ವರ್ತನೂ, 1920ರಲ್ಲಿ ಕ್ಷೇಮದ ಅರ್ಥಶಾಸ್ತ್ರವೆಂಬ ಗ್ರಂಥವನ್ನು ಹೊರತಂದ ಕೇಂಬ್ರಿಜಿನ ಪಿಗೂ ಎಂಬುವನೂ ಉಪಯುಕ್ತತಾವಾದಕ್ಕೆ ಗಣಿತದ ತೊಡುಗೆಯನ್ನು ತೊಡಿಸಿದರು. ಇಳಿಮುಖ ಸೀಮಾಂತ ತುಷ್ಟಿಗುಣದ ನಿಯಮವು ಇಲ್ಲಿ ಅವರಿಗೆ ಒದಗಿಬಂದ ಆಯುಧ. ಹಸಿದವನಿಗೆ ಮೊದಲ ಮುದ್ದೆ ಕೊಡುವ ತೃಪ್ತಿಯನ್ನು ನಾಲ್ಕನೆಯ ಮುದ್ದೆ ಕೊಡಲಾರದು. ಹಾಗೆಯೇ ಬಡವನ ಕೈಯ ರೂಪಾಯಿ ಸಿರಿವಂತನ ಕೈಯ ರೂಪಾಯಿಗಿಂತ ಹೆಚ್ಚು ಸುಖವನ್ನು ತರುವುದರಿಂದ, ಉತ್ಪತ್ತಿಗೆ ಕುಂದು ಬರದಿರುವ ಪಕ್ಷದಲ್ಲಿ, ಉಳ್ಳವನಿಂದ ಇಲ್ಲದವನಿಗೆ ಹಣವನ್ನು ವರ್ಗಾಯಿಸಿದರೆ ಸಮಾಜದ ಒಟ್ಟು ಸುಖ ಹೆಚ್ಚುತ್ತದೆ. ಆದಾಯ ತೆರಿಗೆಯ ಏರುದರಕ್ಕೆ ಇದಕ್ಕಿಂತ ಸರಳವಾದ ಸಮರ್ಥನೆ ಇನ್ನೊಂದಿಲ್ಲ. ಆದರೆ ಈ ವಾದದಲ್ಲಿ ಸಮತೆಯು ತನ್ನ ಸ್ವಂತ ಬಲದಿಂದ ನಿಂತಿಲ್ಲ, ಮೊತ್ತ ಹೆಚ್ಚಲೆಂದು ಕರೆಸಿಕೊಂಡ ಆಳಿನಂತೆ ಬಂದಿದೆ. ಅಂಗವಿಕಲನೊಬ್ಬನು ಹಣವನ್ನು ಸುಖವಾಗಿ ಮಾರ್ಪಡಿಸಿಕೊಳ್ಳುವುದರಲ್ಲಿ ಇತರರಿಗಿಂತ ಹಿಂದೆಬಿದ್ದನೆಂದರೆ, ಮೊತ್ತದ ತರ್ಕವು ಅವನ ಪಾಲನ್ನು ಇನ್ನಷ್ಟು ಕಡಿಮೆ ಮಾಡಲು ಹೇಳುತ್ತದೆ. ಹತ್ತು ಮಂದಿಯ ಹರ್ಷಕ್ಕಾಗಿ ಒಬ್ಬನನ್ನು ಬಲಿಕೊಡಬಹುದೆ ಎಂಬ ಹಳೆಯ ಆಕ್ಷೇಪಣೆಗಿಂತ ಈ ಆಕ್ಷೇಪಣೆ ಸೂಕ್ಷ್ಮವಾದುದು, ಹೆಚ್ಚು ಗಾಯಮಾಡುವಂತಹುದು.

ಉಪಯುಕ್ತತಾವಾದಕ್ಕೆ ಅರ್ಥಶಾಸ್ತ್ರಜ್ಞರ ನಡುವೆ ಬಿದ್ದ ದೊಡ್ಡ ಪೆಟ್ಟು ಬಂದುದು ಮತ್ತೊಂದು ಕಡೆಯಿಂದ. ಲಂಡನ್ನಿನ ಲಯನಲ್ ರಾಬಿನ್ಸ್ 1932ರ ತನ್ನ ಗ್ರಂಥದಲ್ಲಿ, ಒಬ್ಬನ ಸುಖವನ್ನು ಮತ್ತೊಬ್ಬನ ಸುಖದೊಡನೆ ಹೋಲಿಸುವುದಕ್ಕೆ ಅನುಭವಗಮ್ಯವಾದ ಯಾವ ಆಧಾರವೂ ಇಲ್ಲವೆಂದು ವಾದಿಸಿದನು. ಈ ಸಂಶಯ ತನ್ನಲ್ಲಿ ಹೇಗೆ ಮೊಳೆಯಿತೆಂಬುದನ್ನು 1938ರ ಲೇಖನವೊಂದರಲ್ಲಿ ವಿವರಿಸುವಾಗ ಅವನು ತಾನು ಓದಿದ ಒಂದು ಕಥೆಯನ್ನು ಹೇಳುತ್ತಾನೆ, ಅದು ನಮ್ಮ ದೇಶಕ್ಕೇ ಸೇರಿದ್ದು. ಹಿಂದೂಸ್ಥಾನದ ಅಧಿಕಾರಿಯೊಬ್ಬನು ಮೇಲ್ಜಾತಿಯ ಬ್ರಾಹ್ಮಣನೊಬ್ಬನಿಗೆ ಬೆಂಥಮನ ಸಮಗಣನೆಯ ತತ್ತ್ವವನ್ನು ಬಿಡಿಸಿ ಹೇಳಿದನಂತೆ. ಬ್ರಾಹ್ಮಣನು ಅದು ಸರಿಯಾಗಿರಲಾರದೆಂದು ತಲೆಯಾಡಿಸಿ, ಅದೋ ಅಲ್ಲಿ ನಿಂತಿರುವ ಅಸ್ಪೃಶ್ಯನಿಗಿಂತ ಸುಖಪಡುವ ಶಕ್ತಿ ತನಗೆ ಹತ್ತರಷ್ಟಿದೆಯೆಂದನಂತೆ. ರಾಬಿನ್ಸನಿಗೆ ಆ ಬ್ರಾಹ್ಮಣನ ಮೇಲೆ ಕಿಂಚಿತ್ತೂ ಸಹಾನುಭೂತಿ ಇರಲಿಲ್ಲ. ಆದರೆ ಅವನ ಮಾತು ಸುಳ್ಳೆಂದು ಪ್ರಯೋಗದಿಂದ ತೋರಿಸುವ ಬಗೆಯೂ ಅವನಿಗೆ ಕಾಣಲಿಲ್ಲ. ಎಲ್ಲರೂ ಸಮಾನವಾಗಿ ಸುಖಪಡಬಲ್ಲರೆಂಬುದು ವಿಜ್ಞಾನದ ಸಿದ್ಧಾಂತವಲ್ಲ, ನೀತಿಯ ಸಂಕಲ್ಪ ಎಂದು ಅವನು ತೀರ್ಮಾನಿಸಿದನು. ದೂರದಲ್ಲಿ ನಿಂತಿದ್ದವನ ಅಭಿಪ್ರಾಯವನ್ನು ಮಾತ್ರ ಆ ಕಥೆಯಲ್ಲಿ ಯಾರೂ ಕೇಳಲಿಲ್ಲ.

ಹೋಲಿಕೆಯನ್ನು ಬಿಟ್ಟುಕೊಟ್ಟ ಅರ್ಥಶಾಸ್ತ್ರಕ್ಕೆ ಉಳಿದ ಆಶ್ರಯವೆಂದರೆ ಇಟಲಿಯ ವಿಲ್ಫ್ರೆಡೊ ಪರೇಟೊ (1848-1923) ಹಾಕಿಕೊಟ್ಟ ಒರೆಗಲ್ಲು. ಯಾರೊಬ್ಬನಿಗೂ ಕೆಡುಕಾಗದೆ ಒಬ್ಬನಿಗಾದರೂ ಒಳಿತಾಗುವಂತಿದ್ದರೆ ಆ ಬದಲಾವಣೆ ಮೇಲು. ಅಂತಹ ಬದಲಾವಣೆಗೆ ಎಡೆಯೇ ಉಳಿಯದ ಸ್ಥಿತಿಯು ಪರಮಾವಧಿ. ಇದನ್ನು ಅಲ್ಲಗಳೆಯುವವರಿಲ್ಲ, ಇದರಿಂದ ಹೊಟ್ಟೆ ತುಂಬುವವರೂ ಇಲ್ಲ. ಊರಿನ ಭೂಮಿಯೆಲ್ಲ ಒಬ್ಬನ ಕೈಯಲ್ಲಿದ್ದು ಉಳಿದವರೆಲ್ಲ ಉಪವಾಸವಿದ್ದರೂ, ಅವನಿಂದ ಒಂದು ಗುಂಟೆಯನ್ನು ಕಿತ್ತುಕೊಂಡರೆ ಅವನಿಗೆ ಕೆಡುಕಾಗುವುದಾದ್ದರಿಂದ, ಆ ಸ್ಥಿತಿಯೂ ಪರೇಟೊವಿನ ಪರಮಾವಧಿಯೇ. ಈ ಇಕ್ಕಟ್ಟಿನಿಂದ ಪಾರಾಗಲು ನಿಕೊಲಾಸ್ ಕಾಲ್ಡೊರ್ ಮತ್ತು ಜಾನ್ ಹಿಕ್ಸ್ 1939ರಲ್ಲಿ ಪರಿಹಾರ ಪರೀಕ್ಷೆಯೊಂದನ್ನು ಸೂಚಿಸಿದರು. ಧಾನ್ಯದ ಆಮದಿಗೆ ಸುಂಕ ಹೇರುತ್ತಿದ್ದ ಇಂಗ್ಲೆಂಡಿನ ಧಾನ್ಯ ಕಾಯಿದೆಗಳ ರದ್ದಿಯನ್ನು ಉದಾಹರಣೆಯಾಗಿಟ್ಟುಕೊಂಡು ಕಾಲ್ಡೊರ್ ವಾದಿಸಿದ್ದೇನೆಂದರೆ, ಲಾಭ ಪಡೆದವರು ನಷ್ಟಹೊಂದಿದವರಿಗೆ ಪೂರ್ಣ ಪರಿಹಾರ ಕೊಟ್ಟೂ ತಮಗೆ ಮಿಗಿಸಿಕೊಳ್ಳಬಲ್ಲರಾದರೆ ಬದಲಾವಣೆ ಒಳ್ಳೆಯದು. ಪರಿಹಾರವನ್ನು ನಿಜವಾಗಿ ಕೊಡುವರೋ ಇಲ್ಲವೋ ಎಂಬುದು ರಾಜಕೀಯದ ವಿಚಾರ. ಕೊಡಬಲ್ಲರು ಎಂಬುದಕ್ಕೂ ಕೊಟ್ಟರು ಎಂಬುದಕ್ಕೂ ಇರುವ ಅಂತರವೆಷ್ಟೆಂಬುದನ್ನು ಶರಾವತಿ ಕಣಿವೆಯಲ್ಲಿ ವಿದ್ಯುತ್ ಯೋಜನೆಗಾಗಿ ಮುಳುಗಡೆಯಾದ ಊರುಗಳವರನ್ನು ಕೇಳಿದರೆ ಹೇಳಿಯಾರು. ನಾಡಿಗೆ ಬೆಳಕು ಬಂದು ದಶಕಗಳು ಕಳೆದರೂ ಅವರಲ್ಲಿ ಅನೇಕರು ತಮಗೆ ತೋರಿಸಿದ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಗಳನ್ನು ಸುತ್ತಿದರು. ಇದಲ್ಲದೆ, ಈ ಪರೀಕ್ಷೆಯು ಕೆಲವೊಮ್ಮೆ ಮೊದಲ ಸ್ಥಿತಿಗಿಂತ ಎರಡನೆಯದು ಮೇಲೆಂದೂ ಎರಡನೆಯದಕ್ಕಿಂತ ಮೊದಲನೆಯದು ಮೇಲೆಂದೂ ಒಟ್ಟಿಗೆ ತೀರ್ಪು ಕೊಡಬಲ್ಲುದೆಂಬುದನ್ನು 1941ರಲ್ಲಿ ಸಿಟೊವ್‌ಸ್ಕಿ ತೋರಿಸಿಕೊಟ್ಟನು.

ಸುಖವನ್ನು ಅಳೆಯಲಾಗದಿದ್ದರೆ ಜನರ ಇಷ್ಟಾನಿಷ್ಟಗಳ ಕ್ರಮವನ್ನಷ್ಟೇ ಕೇಳಿ, ಅದರಿಂದ ಸಮಾಜದ ಇಷ್ಟವನ್ನು ಕಟ್ಟಬಾರದೇಕೆ? ಈ ಹಾದಿಯ ಮೊದಲ ಗುಂಡಿಯನ್ನು ಫ್ರಾನ್ಸಿನ ಕಾಂಡರ್ಸೆ 1785ರಲ್ಲಿಯೇ ಕಂಡಿದ್ದನು. ಮೂವರು ಪಂಚರು ಕೂಡಿ, ಕೆರೆಯ ಹೂಳೆತ್ತಿಸುವುದೋ ಶಾಲೆ ಕಟ್ಟಿಸುವುದೋ ರಸ್ತೆ ಹಾಕಿಸುವುದೋ ಎಂದು ಆಲೋಚಿಸುತ್ತಾರೆನ್ನೋಣ. ಮೊದಲನೆಯವನಿಗೆ ಕೆರೆ, ಶಾಲೆ, ರಸ್ತೆ ಎಂಬುದು ಇಷ್ಟದ ಕ್ರಮ. ಎರಡನೆಯವನಿಗೆ ಶಾಲೆ, ರಸ್ತೆ, ಕೆರೆ. ಮೂರನೆಯವನಿಗೆ ರಸ್ತೆ, ಕೆರೆ, ಶಾಲೆ. ಎರಡೆರಡನ್ನು ಎದುರುಬದುರಾಗಿ ನಿಲ್ಲಿಸಿ ಮತಕ್ಕೆ ಹಾಕಿದರೆ ಕೆರೆಯು ಶಾಲೆಯನ್ನೂ, ಶಾಲೆಯು ರಸ್ತೆಯನ್ನೂ, ರಸ್ತೆಯು ಮತ್ತೆ ಕೆರೆಯನ್ನೂ ಎರಡಕ್ಕೊಂದು ಮತದಿಂದ ಗೆಲ್ಲುತ್ತದೆ. ಮೂವರೂ ಬುದ್ಧಿವಂತರೇ, ಆದರೂ ಅವರ ಸಭೆಯ ಬುದ್ಧಿ ಗಾಣದೆತ್ತಿನಂತೆ ಸುತ್ತುತ್ತದೆ. ಅಮೆರಿಕದ ಕೆನೆತ್ ಆರೋ 1951ರಲ್ಲಿ ಪ್ರಕಟಿಸಿದ ಸಾಮಾಜಿಕ ಆಯ್ಕೆಯನ್ನು ಕುರಿತ ಗ್ರಂಥದಲ್ಲಿ, ಇದು ಬಹುಮತದ ವಿಧಾನವೊಂದರದೇ ದೋಷವಲ್ಲವೆಂದು ಸಿದ್ಧಪಡಿಸಿದನು. ಆಯ್ಕೆಗಳು ಮೂರೋ ಅದಕ್ಕಿಂತ ಹೆಚ್ಚೋ ಇದ್ದಾಗ, ಜನರ ಇಷ್ಟಗಳು ಹೇಗೇ ಇರಲಿ ಅವನ್ನು ಸ್ವೀಕರಿಸಬೇಕು. ಎಲ್ಲರೂ ಒಂದನ್ನು ಮೇಲೆಂದರೆ ಸಮಾಜವೂ ಅದನ್ನೇ ಮೇಲೆನ್ನಬೇಕು. ಎರಡು ಆಯ್ಕೆಗಳ ತಾರತಮ್ಯವು ಸಂಬಂಧವಿಲ್ಲದ ಮೂರನೆಯದರಿಂದ ಬದಲಾಗಕೂಡದು. ಒಬ್ಬನ ಇಷ್ಟವೇ ಎಲ್ಲೆಡೆಯೂ ಎಲ್ಲರ ಮೇಲೂ ಆಳ್ವಿಕೆ ನಡೆಸಕೂಡದು. ನೋಡಿದೊಡನೆ ತಲೆದೂಗುವಂತಿರುವ ಈ ನಾಲ್ಕು ನಿಬಂಧನೆಗಳನ್ನು ಒಟ್ಟಿಗೆ ಪಾಲಿಸಿ ಸುಸಂಗತವಾದ ಕ್ರಮವನ್ನು ಕೊಡಬಲ್ಲ ನಿಯಮ ಯಾವುದೂ ಇಲ್ಲ. ಪ್ರಜಾಪ್ರಭುತ್ವವೇ ಅಸಾಧ್ಯವೆಂದು ಇದರಿಂದ ಆಯಿತೆಂದು ಕೆಲವರು ಆತುರದಿಂದ ಅರ್ಥಮಾಡಿದರು, ಅದು ತಪ್ಪು. ಜನರಿಂದ ಬರಿಯ ಕ್ರಮಾಂಕಗಳನ್ನು ಪಡೆದು, ಯಾರಿಗೆ ಎಷ್ಟು ಅಗತ್ಯ, ಯಾರ ಸ್ಥಿತಿ ಎಷ್ಟು ಹೀನ ಎಂಬ ವಿವರಗಳನ್ನೆಲ್ಲ ಹೊರಗೆ ತಳ್ಳಿದ ಮೇಲೆ ನ್ಯಾಯವಾದ ತೀರ್ಪನ್ನು ನಿರೀಕ್ಷಿಸಲಾಗದೆಂಬುದೇ ಅದರಿಂದ ಹೊರಡುವ ಪಾಠವೆಂದು ಅಮರ್ತ್ಯ ಸೇನ್ ಮುಂದೆ ತೋರಿಸಿದರು. ಈ ಲೇಖಕನಿಗೂ ಆ ವ್ಯಾಖ್ಯಾನವೇ ಸರಿಯೆಂದು ತೋರುತ್ತದೆ.

ಹಂಗೇರಿಯಲ್ಲಿ ಹುಟ್ಟಿ ಅಮೆರಿಕವನ್ನು ಸೇರಿದ ಜಾನ್ ಹರ್ಸಾನ್ಯಿ 1953ರಲ್ಲಿಯೂ 1955ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ಉಪಯುಕ್ತತಾವಾದಕ್ಕೆ ಹೊಸ ತಳಹದಿಯನ್ನು ಹಾಕಲು ಯತ್ನಿಸಿದನು. ಸಮಾಜದಲ್ಲಿ ತಾನು ಯಾರಾಗುವೆನೆಂದು ತಿಳಿಯದೆ, ಯಾರಾಗುವ ಸಂಭವವೂ ಸಮವೆಂದು ಬಗೆದು ಆರಿಸುವವನು, ಸರಾಸರಿ ತುಷ್ಟಿಗುಣ ಹೆಚ್ಚಾಗಿರುವ ಸಮಾಜವನ್ನೇ ಆರಿಸುವನೆಂಬುದು ಅವನ ವಾದ. ಇದೇ ಬಗೆಯ ಕಲ್ಪನೆಯಿಂದ ಹೊರಟು ಇದಕ್ಕೆ ವಿರುದ್ಧವಾದ ತೀರ್ಮಾನವನ್ನು ತಲಪಿದವನು ಹಾರ್ವರ್ಡಿನ ಜಾನ್ ರಾಲ್ಸ್ (1921-2002). ಅವನ ನ್ಯಾಯದ ಸಿದ್ಧಾಂತವೆಂಬ ಗ್ರಂಥ (1971) ಇಪ್ಪತ್ತನೆಯ ಶತಮಾನದ ರಾಜಕೀಯ ತತ್ತ್ವಶಾಸ್ತ್ರದಲ್ಲಿ ಅತ್ಯಂತ ಹೆಚ್ಚಿನ ಚರ್ಚೆಗೆ ಗುರಿಯಾದುದು. ರಾಲ್ಸನು ಬಾಲಕನಾಗಿದ್ದಾಗ ಅವನಿಗೆ ತಗಲಿದ ರೋಗಗಳು ಅಂಟಿ ಅವನ ಇಬ್ಬರು ತಮ್ಮಂದಿರು ಒಂದು ವರ್ಷದ ಅಂತರದಲ್ಲಿ ತೀರಿಕೊಂಡರು, ಅವನು ಮಾತ್ರ ಉಳಿದನು. ಸಿದ್ಧಾಂತಕ್ಕೆ ಜೀವನಚರಿತ್ರೆಯೇ ಕಾರಣವೆನ್ನುವುದು ಸಾಹಸವಾದೀತಾದರೂ, ಹುಟ್ಟು, ಪ್ರತಿಭೆ, ಆರೋಗ್ಯ ಇವೆಲ್ಲವೂ ಯಾರ ಅರ್ಹತೆಯಿಂದಲೂ ಬಂದವಲ್ಲವೆಂಬ ಅರಿವು ಆ ಗ್ರಂಥದ ಪುಟಪುಟದಲ್ಲಿಯೂ ಮಿಡಿಯುತ್ತಿರುವುದಂತೂ ನಿಜ.

ರಾಲ್ಸನ ಪ್ರಕಾರ, ಲಾಕ್, ರೂಸೊ, ಕಾಂಟರ ಒಡಂಬಡಿಕೆಯ ಪರಂಪರೆಯನ್ನು ಇನ್ನೊಂದು ಮೆಟ್ಟಿಲು ಮೇಲೇರಿಸಿ, ಸಮಾಜದ ಮೂಲ ರಚನೆಯನ್ನು ನಿಶ್ಚಯಿಸಲು ಕುಳಿತ ಪ್ರತಿನಿಧಿಗಳನ್ನು ನಾವು ಊಹಿಸಿಕೊಳ್ಳಬೇಕು. ಅವರ ಕಣ್ಣ ಮುಂದೆ ಅಜ್ಞಾನದ ತೆರೆಯೊಂದು ಇಳಿದಿದೆ. ತಾವು ಗಂಡೋ ಹೆಣ್ಣೋ, ಯಾವ ಕುಲ, ಯಾವ ಮತ, ಎಷ್ಟು ಆಸ್ತಿ, ಎಂತಹ ಬುದ್ಧಿ, ಕಡೆಗೆ ತಮ್ಮ ಬಾಳಿನ ಗುರಿಯೇನೆಂಬುದೂ ಅವರಿಗೆ ತಿಳಿಯದು. ತನ್ನ ಕಡೆಗೆ ತಕ್ಕಡಿಯನ್ನು ಒತ್ತಲು ಬೇಕಾದ ತಿಳಿವಳಿಕೆಯೇ ಇಲ್ಲದ ಕಾರಣ ಅಲ್ಲಿ ಆಗುವ ಒಪ್ಪಂದ ನ್ಯಾಯವಾದುದಾಗಿರುತ್ತದೆ. ನ್ಯಾಯವೆಂದರೆ ನಿಷ್ಪಕ್ಷಪಾತ ಎಂಬ ಅವನ ಸಂಕ್ಷಿಪ್ತ ಸೂತ್ರದ ಅರ್ಥವಿದು. ಅವರು ಒಪ್ಪುವ ತತ್ತ್ವಗಳು ಎರಡು. ಎಲ್ಲರಿಗೂ ಸಮಾನವಾದ ಮೂಲಭೂತ ಸ್ವಾತಂತ್ರ್ಯಗಳು ಮೊದಲನೆಯದು; ಯಾವ ಆರ್ಥಿಕ ಲಾಭಕ್ಕಾಗಿಯೂ ಇವನ್ನು ಅಡವಿಡಕೂಡದು. ಆದಾಯ, ಅಧಿಕಾರ ಮುಂತಾದವುಗಳ ವ್ಯತ್ಯಾಸಗಳು, ನೈಜವಾದ ಅವಕಾಶ ಸಮತೆಯಿಂದ ಎಲ್ಲರಿಗೂ ತೆರೆದಿರುವ ಸ್ಥಾನಗಳಿಗೆ ಅಂಟಿಕೊಂಡಿರಬೇಕು, ಮತ್ತು ಅತ್ಯಂತ ಹಿಂದುಳಿದವರಿಗೆ ಅತ್ಯಧಿಕ ಪ್ರಯೋಜನವಾಗುವಂತಿರಬೇಕು ಎಂಬುದು ಎರಡನೆಯದು. ಇದರ ಕಡೆಯ ಭಾಗಕ್ಕೆ ಭೇದತತ್ತ್ವವೆಂದು ಹೆಸರು. ಒಂದು ಸಮಾಜದಲ್ಲಿ ಮೂವರ ಪಾಲು 100, 60, 5 ಎಂದೂ ಮತ್ತೊಂದರಲ್ಲಿ 50, 40, 30 ಎಂದೂ ಇದ್ದರೆ, ಈ ಅಂಕಗಳು ತುಷ್ಟಿಗುಣದವೆಂದು ಹಿಡಿದಾಗ, 55ರ ಸರಾಸರಿಯನ್ನು ನೋಡಿ ಹರ್ಸಾನ್ಯಿ ಮೊದಲನೆಯದನ್ನು ಆರಿಸುವನು. ರಾಲ್ಸನ ಪ್ರತಿನಿಧಿಯು, ತುಷ್ಟಿಗುಣದ ಬದಲು ಸ್ವಾತಂತ್ರ್ಯ, ಅವಕಾಶ, ಆದಾಯ, ಆತ್ಮಗೌರವದ ಆಧಾರ ಇವೇ ಮೊದಲಾದ ಪ್ರಾಥಮಿಕ ಸಾಧನಗಳನ್ನು ಲೆಕ್ಕಹಾಕುತ್ತ, 5ರ ಸ್ಥಾನದಲ್ಲಿ ತಾನೇ ಇರಬಹುದೆಂಬ ಎಚ್ಚರದಿಂದ ಎರಡನೆಯದನ್ನು ಆರಿಸುವನು. ಇಷ್ಟು ಭೀರುತನ ವಿವೇಕವೆ ಎಂದು ಹರ್ಸಾನ್ಯಿ 1975ರಲ್ಲಿ ತೀಕ್ಷ್ಣವಾಗಿ ಪ್ರಶ್ನಿಸಿದನು. ಜೂಜಿನ ವಿವೇಕವಾಗಿ ನೋಡಿದರೆ ಆ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಆದರೆ ಬಾಳು ಮರಳಿ ಆಡಬಹುದಾದ ಆಟವಲ್ಲವಾದ್ದರಿಂದ ಅದನ್ನು ಜೂಜಿನ ವಿವೇಕವಾಗಿಯೇ ನೋಡಬೇಕೆಂಬ ನಿರ್ಬಂಧವೂ ಇಲ್ಲ.

ರಾಲ್ಸನ ಸಹೋದ್ಯೋಗಿಯಾಗಿದ್ದ ರಾಬರ್ಟ್ ನೋಜಿಕ್ (1938-2002) 1974ರಲ್ಲಿ ಪ್ರಕಟಿಸಿದ ಗ್ರಂಥವು ಪ್ರಶ್ನೆಯನ್ನೇ ತಿರುಗಿಸಿ ಹಾಕಿತು. ಆಸ್ತಿಯು ಆಕಾಶದಿಂದ ಉದುರಿದ್ದಲ್ಲ, ಯಾರೋ ಗಳಿಸಿದ್ದು, ಯಾರೋ ಕೊಟ್ಟದ್ದು; ಆದುದರಿಂದ ಹಂಚಿಕೆಯ ಆಕಾರವನ್ನು ನೋಡಬಾರದು, ಅದು ನಡೆದುಬಂದ ದಾರಿಯನ್ನು ನೋಡಬೇಕು. ಗಳಿಕೆ ನ್ಯಾಯವಾಗಿದ್ದು ವರ್ಗಾವಣೆ ಸ್ವಇಚ್ಛೆಯಿಂದ ಆಗಿದ್ದರೆ ಫಲ ಎಷ್ಟೇ ಅಸಮವಾಗಿರಲಿ ಅದು ನ್ಯಾಯವೇ. ವಿಲ್ಟ್ ಚೇಂಬರ್ಲಿನ್ ಎಂಬ ಪ್ರಸಿದ್ಧ ಬಾಸ್ಕೆಟ್‌ಬಾಲ್ ಆಟಗಾರನ ಆಟವನ್ನು ನೋಡಲು ಹತ್ತು ಲಕ್ಷ ಜನ ತಲಾ 25 ಸೆಂಟುಗಳನ್ನು ಸಂತೋಷದಿಂದ ಕೊಟ್ಟರೆ ಅವನ ಕೈಗೆ 2,50,000 ಡಾಲರ್ ಬರುತ್ತದೆ. ಮೊದಲಿದ್ದ ಸಮತೆ ಕೆಡುತ್ತದೆ. ಅದನ್ನು ಮರಳಿ ಸ್ಥಾಪಿಸಬೇಕಾದರೆ ಜನರ ಸ್ವಾತಂತ್ರ್ಯಕ್ಕೆ ಸದಾ ಕೈಹಾಕುತ್ತಲೇ ಇರಬೇಕು. ವಾದ ಚತುರವಾದುದು. ಆದರೆ ಹಿಂದಿನ ಅನ್ಯಾಯಗಳನ್ನು ಸರಿಪಡಿಸುವ ಮೂರನೆಯ ತತ್ತ್ವವೊಂದನ್ನು ನೋಜಿಕನೇ ಒಪ್ಪಿ, ಅದನ್ನು ವಿಸ್ತರಿಸದೆ ಬಿಟ್ಟನು. ಭೂಮಿಯ ಇತಿಹಾಸವನ್ನು ಕೆದಕುತ್ತ ಹೋದರೆ ದಂಡಯಾತ್ರೆ, ದತ್ತಿ, ಸಾಲದ ಹರಾಜು ಇವುಗಳ ಹೊರತಾಗಿ ನಿರ್ಮಲವಾದ ಮೊದಲ ಗಳಿಕೆ ಎಷ್ಟು ಕಡೆ ಸಿಕ್ಕೀತು? ಕಾಕತಾಳೀಯವಾಗಿ, ಆ ಗ್ರಂಥ ಹೊರಬಂದ ವರ್ಷವೇ, 1974ರ ಮಾರ್ಚ್ 1ರಂದು, ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದು, ಗೇಣಿದಾರರು ಉಳುತ್ತಿದ್ದ ಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ಅವರು ಭೂನ್ಯಾಯಮಂಡಳಿಗಳ ಮುಂದೆ ನಿಂತು ಸ್ವಾಧೀನದ ಹಕ್ಕನ್ನು ಕೇಳಿದರು. ನೋಜಿಕನ ಗಳಿಕೆಯ ತತ್ತ್ವದಿಂದ ಖಂಡಿಸಬಹುದಾದ ಆ ಕ್ರಮವನ್ನು ಅವನ ತಿದ್ದುಪಡಿಯ ತತ್ತ್ವದಿಂದಲೇ ಸಮರ್ಥಿಸಲೂಬಹುದು.

ಇವರ ಬಳಿಕ ಬಂದವರಲ್ಲಿ ರೊನಾಲ್ಡ್ ಡ್ವಾರ್ಕಿನ್ 1981ರಲ್ಲಿ, ದ್ವೀಪವೊಂದಕ್ಕೆ ತೇಲಿಬಂದವರು ಚಿಪ್ಪುಗಳನ್ನೇ ನಾಣ್ಯವಾಗಿಸಿ ಅಲ್ಲಿನ ಸಂಪತ್ತನ್ನು ಹರಾಜಿನಲ್ಲಿ ಹಂಚಿಕೊಳ್ಳುವ ಚಿತ್ರವನ್ನು ಮುಂದಿಟ್ಟು, ಮತ್ತೊಬ್ಬನ ಪಾಲನ್ನು ನೋಡಿ ಯಾರಿಗೂ ಅಸೂಯೆಯಾಗದಿದ್ದರೆ ಹಂಚಿಕೆ ಸಮವೆಂದನು; ಒಬ್ಬನು ಕತ್ತರಿಸಿ ಇನ್ನೊಬ್ಬನು ಆರಿಸಿಕೊಳ್ಳುವ ಹಳೆಯ ಉಪಾಯವನ್ನು ಮೂವರಿಗೂ ಹೆಚ್ಚಿನವರಿಗೂ ವಿಸ್ತರಿಸುವ ಗಣಿತ 1940ರ ದಶಕದಲ್ಲಿ ಪೋಲೆಂಡಿನ ಸ್ಟೈನ್‌ಹೌಸನಿಂದಲೇ ಆರಂಭವಾಗಿತ್ತು. ಮೈಕೇಲ್ ಸ್ಯಾಂಡೆಲ್, ಮೈಕೇಲ್ ವಾಲ್ಜರ್ ಮೊದಲಾದವರು, ಬಂಧುಬಳಗ ಭಾಷೆ ಸಂಪ್ರದಾಯಗಳನ್ನು ಕಳಚಿಟ್ಟ ಮನುಷ್ಯನೊಬ್ಬನು ತೆರೆಯ ಹಿಂದೆ ಕುಳಿತು ನ್ಯಾಯವನ್ನು ಆರಿಸಬಲ್ಲನೆಂಬುದನ್ನೇ ಅಲ್ಲಗಳೆದರು. ಸೂಸನ್ ಓಕಿನ್ 1989ರಲ್ಲಿ ಮನೆಯ ಬಾಗಿಲನ್ನು ತಟ್ಟಿ, ಅಡುಗೆಮನೆಯಲ್ಲಿಯೂ ತೊಟ್ಟಿಲ ಬಳಿಯಲ್ಲಿಯೂ ಆಗುವ ದುಡಿಮೆಯ ಹಂಚಿಕೆಯನ್ನು ನೋಡದ ನ್ಯಾಯಸಿದ್ಧಾಂತ ಅರ್ಧ ಮನುಷ್ಯಕುಲಕ್ಕೆ ಕುರುಡಾದುದೆಂದಳು. ಇದು ರಾಲ್ಸನು ತಡವಾಗಿಯಾದರೂ ಒಪ್ಪಬೇಕಾದ ಟೀಕೆಯಾಗಿತ್ತು.

ಅಮರ್ತ್ಯ ಸೇನರು 1979ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸದಲ್ಲಿ, ಯಾವುದರ ಸಮತೆ ಎಂಬ ಪ್ರಶ್ನೆಯನ್ನೇ ಕೇಂದ್ರಕ್ಕೆ ತಂದರು. ರಾಲ್ಸನ ಸಾಧನಗಳು ಸಾಲವು, ಏಕೆಂದರೆ ಒಂದೇ ಆದಾಯದಿಂದ ಆರೋಗ್ಯವಂತನು ಮಾಡಬಲ್ಲುದನ್ನು ಕಾಲಿಲ್ಲದವನು ಮಾಡಲಾರನು. ಬೆಂಥಮನ ಸುಖವೂ ಸಾಲದು, ಏಕೆಂದರೆ ಬಹುಕಾಲದ ವಂಚನೆಯು ಆಸೆಯನ್ನೇ ಕುಗ್ಗಿಸಿಬಿಡುತ್ತದೆ. ಇದಕ್ಕೆ ಅವರು ಕೊಡುವ ನಿದರ್ಶನ ಮರೆಯಲಾಗದಂತಹುದು. ಬಂಗಾಳದ ಘೋರ ಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಬಳಿಯ ಸಿಂಗೂರಿನಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ವಿಚಾರಿಸಿದಾಗ, ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಶೇಕಡ 48.5 ಮಂದಿ ತಮ್ಮ ಆರೋಗ್ಯ ಕೆಟ್ಟಿದೆ ಅಥವಾ ಅಷ್ಟಕ್ಕಷ್ಟೆ ಎಂದರೆ, ವಿಧವೆಯರಲ್ಲಿ ಹಾಗೆಂದವರು ಶೇಕಡ 2.5 ಮಾತ್ರ. ದೂರುವ ಅಭ್ಯಾಸವೇ ತಪ್ಪಿಹೋದವರ ಬಾಯಿಂದ ಸುಖದ ಲೆಕ್ಕವನ್ನು ಪಡೆದರೆ ಅದು ಸುಖದ ಲೆಕ್ಕವಾಗದು. ಆದ್ದರಿಂದ ಅಳೆಯಬೇಕಾದುದು, ಒಬ್ಬನು ಏನಾಗಿರಬಲ್ಲನು, ಏನನ್ನು ಮಾಡಬಲ್ಲನು ಎಂಬ ಸಾಮರ್ಥ್ಯವನ್ನು. ಮಾರ್ಥಾ ನುಸ್‌ಬಾಮ್ ಇಂತಹ ಹತ್ತು ಸಾಮರ್ಥ್ಯಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದಳು. ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಅವರ ಮುಂದಾಳತನದಲ್ಲಿ 1990ರಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಪ್ರಕಟಿಸುತ್ತ ಬಂದಿರುವ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಆದಾಯದ ಜೊತೆಗೆ ಆಯುಸ್ಸೂ ವಿದ್ಯೆಯೂ ಸೇರಿಕೊಂಡದ್ದು ಈ ಚಿಂತನೆಯ ಫಲ. 2009ರ ತಮ್ಮ ಗ್ರಂಥದಲ್ಲಿ ಸೇನರು ನೀತಿ ಮತ್ತು ನ್ಯಾಯ ಎಂಬ ಸಂಸ್ಕೃತ ಪದಗಳನ್ನು ಬೇರ್ಪಡಿಸಿ, ಸಂಸ್ಥೆಗಳ ನಿರ್ದುಷ್ಟತೆಗೆ ಮೊದಲ ಹೆಸರನ್ನೂ ಜನರ ಬಾಳಿನಲ್ಲಿ ನಿಜವಾಗಿ ಫಲಿಸುವುದಕ್ಕೆ ಎರಡನೆಯ ಹೆಸರನ್ನೂ ಮೀಸಲಿಟ್ಟರು. ಒಂದು ಕೊಳಲಿಗಾಗಿ ಮೂವರು ಮಕ್ಕಳು ಬಂದಿದ್ದಾರೆ. ಒಬ್ಬಳಿಗೆ ನುಡಿಸಲು ಬರುತ್ತದೆ, ಒಬ್ಬನಿಗೆ ಬೇರೆ ಆಟಿಕೆಯೇ ಇಲ್ಲ, ಮತ್ತೊಬ್ಬಳು ಅದನ್ನು ತನ್ನ ಕೈಯಾರೆ ಮಾಡಿದವಳು. ಅರಿಸ್ಟಾಟಲನ ಕೊಳಲಿಗೆ ಹೀಗೆ ಇನ್ನಿಬ್ಬರು ಹಕ್ಕುದಾರರು ಹುಟ್ಟಿಕೊಂಡರು. ಮೂವರ ವಾದದಲ್ಲಿಯೂ ಹುರುಳಿರುವುದರಿಂದ ಪರಿಪೂರ್ಣ ನ್ಯಾಯದ ನಕ್ಷೆಯನ್ನು ಹುಡುಕುವುದಕ್ಕಿಂತ ಎದುರಿಗಿರುವ ಅನ್ಯಾಯವನ್ನು ಕಡಿಮೆ ಮಾಡುವುದು ಮೇಲೆಂಬುದು ಸೇನರ ಅಭಿಮತ.

ಭಾರತದಲ್ಲಿ ಈ ಪ್ರಶ್ನೆಗೆ ದೊರೆತ ಸ್ವತಂತ್ರವಾದ ಉತ್ತರಗಳನ್ನು ಪಾಶ್ಚಾತ್ಯ ವಾದಗಳ ಅನುಬಂಧವಾಗಿ ನೋಡಲಾಗದು. ಹನ್ನೆರಡನೆಯ ಶತಮಾನದ ಶರಣರು ಗಳಿಕೆಗೆ ಕಾಯಕವನ್ನೂ ಹಂಚಿಕೆಗೆ ದಾಸೋಹವನ್ನೂ ಜೋಡಿಸಿದರು. ಮಾಡುವ ಕೆಲಸದಿಂದ ಮೇಲುಕೀಳು ಬಾರದೆಂಬುದು ಅಲ್ಲಿನ ತಿರುಳು. ರಸ್ಕಿನ್ನನ ಪುಸ್ತಕವೊಂದನ್ನು 1908ರಲ್ಲಿ ಗುಜರಾತಿಗೆ ಸಂಗ್ರಹಿಸುತ್ತ ಗಾಂಧೀಜಿ ಅದಕ್ಕೆ ಸರ್ವೋದಯವೆಂದು ಹೆಸರಿಟ್ಟರು. ಬಹುಜನರ ಸುಖಕ್ಕೆ ತೃಪ್ತವಾಗದೆ ಎಲ್ಲರ ಉದಯವನ್ನು ಕೇಳುವ ಆ ಹೆಸರೇ ಬೆಂಥಮನಿಗೆ ಕೊಟ್ಟ ಉತ್ತರ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ವಿಚಾರಮಾಡಿಸಿದುದು, ಅವಕಾಶ ಸಮತೆಯೆಂದರೆ ಬಾಗಿಲು ತೆರೆದಿಡುವುದಷ್ಟೆಯೋ ಬಾಗಿಲವರೆಗೆ ದಾರಿ ಮಾಡಿಕೊಡುವುದೋ ಎಂಬ ಪ್ರಶ್ನೆಯನ್ನು ಈ ಸಿದ್ಧಾಂತಗಳಿಗೆ ಬಹಳ ಮೊದಲೇ ಎತ್ತಿತು. ಆದರೆ ತಾತ್ತ್ವಿಕವಾಗಿ ಇವೆಲ್ಲಕ್ಕಿಂತ ಆಳಕ್ಕೆ ಇಳಿದವರು ಬಿ. ಆರ್. ಅಂಬೇಡ್ಕರ್. ಜಾತಿಯು ಬರಿಯ ಅಸಮಾನತೆಯಲ್ಲ, ಶ್ರೇಣೀಕೃತ ಅಸಮಾನತೆ ಎಂದು ಅವರು ತೋರಿಸಿದರು. ಮೆಟ್ಟಿಲಿನ ಪ್ರತಿ ಹಂತದಲ್ಲಿಯೂ ಮೇಲಿನವನ ವಿಷಯದಲ್ಲಿ ಸಿಟ್ಟೂ ಕೆಳಗಿನವನ ವಿಷಯದಲ್ಲಿ ಹಮ್ಮೂ ಒಟ್ಟಿಗೆ ಇರುವುದರಿಂದ, ಅನ್ಯಾಯಕ್ಕೆ ಒಳಗಾದವರೆಲ್ಲ ಒಂದು ಪಕ್ಷವಾಗುವುದೇ ಇಲ್ಲ. ಅತ್ಯಂತ ಹಿಂದುಳಿದ ಒಂದು ವರ್ಗವನ್ನು ಗುರುತಿಸಿ ಅದರ ಹಿತವನ್ನು ಅಳೆಯುವ ರಾಲ್ಸನ ಕೋಲಿಗೆ ಈ ಮೆಟ್ಟಿಲುಗಳ ಲೆಕ್ಕ ಸುಲಭವಾಗಿ ಸಿಕ್ಕದು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅವರು, ಮತದಲ್ಲಿ ಸಮತೆ, ಬಾಳಿನಲ್ಲಿ ವಿಷಮತೆ ಎಂಬ ವಿರೋಧಾಭಾಸದೊಳಕ್ಕೆ ದೇಶ ಕಾಲಿಡುತ್ತಿದೆಯೆಂದು ಎಚ್ಚರಿಸಿದರು.

ಇತ್ತೀಚಿನ ದಶಕಗಳಲ್ಲಿ ಚರ್ಚೆಯು ದೇಶದ ಗಡಿಯನ್ನೂ ಕಾಲದ ಗಡಿಯನ್ನೂ ದಾಟಿದೆ. ಪೂರ್ವ ಬಂಗಾಳದಿಂದ ಹರಿದುಬಂದ ನಿರಾಶ್ರಿತರ ಸಂಕಟವನ್ನು ಮುಂದಿಟ್ಟುಕೊಂಡು ಪೀಟರ್ ಸಿಂಗರ್ 1972ರಲ್ಲಿ ಪ್ರಕಟಿಸಿದ ಪ್ರಬಂಧವು, ಕಣ್ಣೆದುರಿನ ಕೊಳದಲ್ಲಿ ಮುಳುಗುವ ಮಗುವಿಗೂ ಸಾವಿರ ಹರದಾರಿ ದೂರದಲ್ಲಿ ಹಸಿದು ಸಾಯುವ ಮಗುವಿಗೂ ನಮ್ಮ ಕರ್ತವ್ಯ ಒಂದೇ ಎಂದು ವಾದಿಸಿತು. ಇನ್ನೂ ಹುಟ್ಟದವರ ಪಾಲಿನ ವಿಚಾರವನ್ನು ಕೇಂಬ್ರಿಜಿನ ಫ್ರ್ಯಾಂಕ್ ರ್‍ಯಾಮ್ಸೆ 1928ರಲ್ಲಿಯೇ ಎತ್ತಿ, ಮುಂದಿನವರ ಸುಖವನ್ನು ಅದು ಮುಂದಿನದೆಂಬ ಒಂದೇ ಕಾರಣಕ್ಕೆ ಕಡಿಮೆಯೆಣಿಸುವುದು ಅನೈತಿಕವೆಂದಿದ್ದನು. ಹವಾಮಾನದ ಬದಲಾವಣೆಗೆ ಇಂದು ಎಷ್ಟು ವೆಚ್ಚಮಾಡಬೇಕೆಂಬ ವಾದಗಳಲ್ಲಿ ಈಗಲೂ ಅರ್ಥಶಾಸ್ತ್ರಜ್ಞರು ಒಡೆದುಹೋಗುವುದು ಇದೇ ಕವಲಿನಲ್ಲಿ. ಆಕ್ಸ್‌ಫರ್ಡಿನ ಡೆರೆಕ್ ಪಾರ್ಫಿಟ್ 1984ರಲ್ಲಿ ಇನ್ನೊಂದು ತೊಡಕನ್ನು ಬಿಚ್ಚಿಟ್ಟನು. ಒಟ್ಟು ಸುಖದ ಮೊತ್ತವನ್ನೇ ಹಿಡಿದು ಹೋದರೆ, ತುಂಬಿದ ಬಾಳನ್ನು ಬಾಳುವ ಕೆಲವು ಕೋಟಿ ಜನರಿಗಿಂತ, ಬದುಕಿದ್ದಕ್ಕೆ ಅಷ್ಟಿಷ್ಟು ಸಾರ್ಥಕವೆನ್ನುವಂತೆ ಮಾತ್ರ ಬಾಳುವ ಎಣಿಕೆಯಿಲ್ಲದ ಜನರಿರುವ ಲೋಕವೇ ಮೇಲೆನ್ನಬೇಕಾಗುತ್ತದೆ. ಇದನ್ನು ಅವನು ಅಸಹ್ಯ ನಿಷ್ಕರ್ಷೆಯೆಂದು ಕರೆದನು. ಅದರಿಂದ ತಪ್ಪಿಸಿಕೊಳ್ಳಲು ಹೂಡಿದ ಒಂದೊಂದು ಉಪಾಯವೂ ಅಷ್ಟೇ ಒಗಚಾದ ಮತ್ತೊಂದು ನಿಷ್ಕರ್ಷೆಗೆ ಎಳೆದೊಯ್ದ ಮೇಲೆ, 2021ರಲ್ಲಿ ಹಲವು ದೇಶಗಳ ತತ್ತ್ವಜ್ಞರೂ ಅರ್ಥಶಾಸ್ತ್ರಜ್ಞರೂ ಜೊತೆಗೂಡಿ ಹೇಳಿಕೆಯೊಂದನ್ನು ಪ್ರಕಟಿಸಿ, ಒಂದು ಸಿದ್ಧಾಂತವು ಈ ನಿಷ್ಕರ್ಷೆಗೆ ಒಯ್ಯುತ್ತದೆಂಬುದಷ್ಟೇ ಅದನ್ನು ತಳ್ಳಿಹಾಕಲು ಸಾಕಾದ ಕಾರಣವಲ್ಲವೆಂದರು. ಅದಕ್ಕೆ ಎಲ್ಲರ ಸಮ್ಮತಿ ದೊರೆತಿಲ್ಲ.